ಇಯರ್‌ಫೋನಿನ ಪಕ್ಕದ ಸೀಟು

ಅಥವಾ ಅದು ತೆಕ್ಕಟ್ಟೆಯಲ್ಲ, ಕೋಟ ದಾಟುವಾಗಲೇ ಇರಬಹುದು, ಅಕ್ಕ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡದ್ದು. ತೆಕ್ಕಟ್ಟೆ ಎಂದರೆ ವಾಕ್ಯ ಚೆನ್ನಾಗಿ ನಿಲ್ಲುತ್ತದೆ; ಅದಕ್ಕೇ ಆ ನೆನಪಿನ ಮೇಲೆ ನನಗೆ ಗುಮಾನಿ. ಬ್ರಹ್ಮಾವರದಲ್ಲಿ ಬಸ್ಸು ಹತ್ತುವಾಗ ಬಿಸಿಲು ಸುಡುತ್ತಿತ್ತು, ಇಷ್ಟು ಖಂಡಿತ. ನಾವಿಬ್ಬರೂ ಬೈಂದೂರಿನ ಚಿಕ್ಕಮ್ಮನ ಮನೆಗೆ ಹೊರಟಿದ್ದೆವು. ನನ್ನ ಚೀಲದಲ್ಲಿ ಹೊಸ ಕಥೆಯ ಹಾಳೆಗಳಿದ್ದವು.

ಅಕ್ಕನ ಕಣ್ಣು ಪೂರ್ತಿ ಹೋದ ಮೇಲೆ, ನಾನು ಬರೆದದ್ದನ್ನೆಲ್ಲ ನಾನೇ ಅವಳಿಗೆ ಓದಿ ಹೇಳಿದ್ದೇನೆ. ಅವಳು ಸರಿ ಎನ್ನದೆ ಒಂದು ಕಥೆಯನ್ನೂ ಪತ್ರಿಕೆಗೆ ಕಳುಹಿಸಿದವನಲ್ಲ. ಈ ಸಲದ್ದು ಅಪ್ಪನ ಸಾವಿನ ಕಥೆ, ಮರುದಿನವೇ ಕಳುಹಿಸಬೇಕಿತ್ತು. ಹಾಳೆ ತೆಗೆದೆ.

"ನೀ ಓದೂದ್ ಬ್ಯಾಡ ಮಾರಾಯ, ವಾಟ್ಸಾಪಿಗೆ ಹಾಕ್. ಇದೇ ಓದತ್ತ್," ಎಂದು ಅಕ್ಕ ಫೋನ್ ಎತ್ತಿ ತೋರಿಸಿದಳು.

"ಮಧ್ಯ ನೆಟ್‌ವರ್ಕ್ ಹೋತ್ತ್ ಅಕ್ಕ."

"ಒಂದ್ ಸಲ ಬಂದ್ರೆ ಸಾಕ್. ಓದುಕೆ ನೆಟ್‌ವರ್ಕ್ ಎಂತಕೆ?"

ಟೈಪು ಮಾಡಿಟ್ಟದ್ದನ್ನು ಕಳುಹಿಸಿದೆ. ಅವಳ ಬೆರಳು ತಾಗಿದ್ದನ್ನೆಲ್ಲ ಫೋನು ಉಚ್ಚರಿಸುತ್ತಿತ್ತು, ಒಂದು ಹೆಂಗಸಿನ ಧ್ವನಿಯಲ್ಲಿ. ವೇಗ ಎಷ್ಟಿತ್ತೆಂದರೆ ನನಗೆ ಒಂದು ಪದವೂ ಹಿಡಿಯಲಿಲ್ಲ. ಆಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡಳು; ಅಷ್ಟೂ ಕೇಳದಾಯಿತು. ಆ ಧ್ವನಿಗೆ ಗಂಟಲಿಲ್ಲ, ಕೆಮ್ಮಿಲ್ಲ, ನೀರು ಬೇಡ. ಹೊಟ್ಟೆಯುರಿಯಿತು.

ಕುಂದಾಪುರದಲ್ಲಿ ಬಸ್ಸು ಬದಲಿಸುವ ಮೊದಲು ಬನ್ಸ್ ತಿಂದು ಚಾ ಕುಡಿದೆವು. ಅವಳ ಫೋನಿನ ಚಾರ್ಜ್ ಮುಗಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಅಪ್ಪ ಸಾಯೂ ಜಾಗ ಬಂತಾ?" ಎಂದು ಕೇಳಿದೆ.

"ಆಗಳೇ ದಾಟಿತ್ತ್."

"ಅಲ್ಲೊಂದ್ ಖಾಲಿ ಜಾಗ ಬಿಟ್ಟಿದ್ದೆ."

"ಇದ್ ಖಾಲಿ ಜಾಗ ಓದುದಿಲ್ಲ ಮಾರಾಯ. ನೀ ಆದ್ರೆ ಅಲ್ಲಿ ನಿಲ್ಸಿ, ಅಕ್ಕ ಮರ್ಕ್ತಾಳಾ ಅಂದೇಳಿ ನನ್ನ ಮುಖವೇ ಕಾಂತೆ. ಕಣ್ಣಿಲ್ದಿದ್ರೆ ಗೊತ್ತಾಪುದಿಲ್ಯಾ?"

ಅವಳು ಅಳುತ್ತಾಳೋ ಎಂದು ನಾನು ಕಾಯುತ್ತಿದ್ದದ್ದು ನಿಜ. ಅದನ್ನೇ ಓದುವ ಕಲೆ ಎಂದುಕೊಂಡಿದ್ದೆ.

ಬೈಂದೂರು ಬಸ್ಸಿನಲ್ಲಿ ಅವಳನ್ನು ಕಿಟಕಿಗೆ ಕೂರಿಸಿದೆ. ಟಿಕೆಟಿಗೆ ಬಂದ ಕಂಡಕ್ಟರ್, "ಎಂತ ಅಕ್ಕ, ಪದ್ಯ ಕೇಂತಾ ಇದ್ರ್ಯಾ?" ಎಂದ.

"ಪದ್ಯ ಅಲ್ಲ, ತಮ್ಮನ ಕಥಿ."

"ತಮ್ಮ ಬದಿಯಗೇ ಇದ್ರಲೆ! ಬಾಯಿ ಬತ್ತಿಲ್ಯಾ ಅವ್ರಿಗೆ?"

ಹಿಂದಿನ ಸೀಟಿನವರೂ ನಕ್ಕರು. ನಾನು ಚಿಲ್ಲರೆ ಹುಡುಕುವವನಂತೆ ತಲೆ ತಗ್ಗಿಸಿದೆ.

ತ್ರಾಸಿಯಲ್ಲಿ ಸಮುದ್ರದ ಗಾಳಿ ಒಳನುಗ್ಗಿತು. ಅಕ್ಕನ ಬೆರಳು ಪರದೆಯ ಮೇಲೆ ಹಿಂದಕ್ಕೆ ಸರಿಯಿತು. ಆಗಷ್ಟೇ ಕೇಳಿದ ಭಾಗವನ್ನೇ ಮತ್ತೆ ಕೇಳುತ್ತಿದ್ದಳು. ನನ್ನ ಹತ್ತಿರ ಅವಳು ಒಂದು ದಿನವೂ "ಇನ್ನೊಂದ್ಸಲ ಓದ್" ಎಂದದ್ದಿಲ್ಲ. ಬೆರಳು ಮತ್ತೊಮ್ಮೆ ಹಿಂದೆ ಹೋಯಿತು. ಇದ್ದಕ್ಕಿದ್ದಂತೆ ಅವಳು ನಕ್ಕಳು, ಹೆಗಲು ಕುಲುಕುವ ಹಾಗೆ. ನಾನು ಬರೆದದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

"ಎಂತಕೆ ನೆಗ್ಯಾಡ್ದೆ ಅಕ್ಕ?"

"ಅಪ್ಪಯ್ಯ ಹಾಂಗೇ ಅಲ್ದಾ ಇದ್ದದ್!"

"ಯಾವ್ ಸಾಲ್?"

"ಬರ್ದವ ನೀನಲ್ದಾ? ಸುಮ್ನೆ ಕೂಕೊ, ನಂಗೆ ಮುಂದೆ ಕೇಣ್ಕ್."

ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ. ನಾನು ಎರಡನ್ನೂ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದೆ, ಕಂಡಕ್ಟರನೂ ಗಮನಿಸುವಷ್ಟು.

ಬೈಂದೂರಿನಲ್ಲಿ ಇಳಿಯುವಾಗ ನನ್ನ ಮೊಣಕೈ ಹಿಡಿದುಕೊಂಡು ಹೇಳಿದಳು: "ಕಳ್ಸ್. ಒಂದ್ ಅಕ್ಷರವೂ ಮುಟ್ಬ್ಯಾಡ." ನನಗೆ ಬೇಕಾದದ್ದು ಸಿಕ್ಕಿತು. ಆದರೂ ಆ ಮೆಚ್ಚುಗೆಯಲ್ಲಿ ನನ್ನ ಪಾಲೆಷ್ಟು, ಆ ಫೋನಿನ ಹೆಂಗಸಿನ ಪಾಲೆಷ್ಟು ಎಂದು ಲೆಕ್ಕ ಹಾಕುತ್ತಲೇ ಚಿಕ್ಕಮ್ಮನ ಮನೆಯ ಊಟ ಮುಗಿಸಿದೆ.

ಅಕ್ಕ ಅಲ್ಲೇ ಉಳಿದಳು. ಮರಳುವಾಗ ಬಸ್ಸಿನಲ್ಲಿ ಒಬ್ಬನೇ ಕೂತು, ಮನಸ್ಸಿನಲ್ಲೂ ಎಲ್ಲಿಯೂ ನಿಲ್ಲಿಸದೆ, ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮತ್ತೆ ಓದಿದೆ. ಅಪ್ಪ ಯಾವ ಸಾಲಿನಲ್ಲಿ ಅವಳಿಗೆ ಸಿಕ್ಕಿದರೋ, ನನಗೆ ಗೊತ್ತಿಲ್ಲ.