ಎತ್ತಿನ ಮೈಗೆ ಹಚ್ಚಿದ ಪುಡಿ

ಎಪ್ಪತ್ತರ ದಶಕದಲ್ಲಿ ಕೆರಗೋಡಿನ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದೇ ಜಗಳ. ಅಪ್ಪನ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಎದೆಗೆ ಏರಿದರೆ ಜೀವಕ್ಕೇ ಸಂಚಕಾರವೆಂದು ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರು. ಆದರೆ ಪರೀಕ್ಷೆ ಮಾಡಿದಾಗಲೆಲ್ಲ ರಕ್ತ ಮೊದಲಿನಷ್ಟೇ ಬೇಗ ಹೆಪ್ಪುಗಟ್ಟುತ್ತಿತ್ತು. ಅಪ್ಪ ಮಾತ್ರೆ ಉಗುಳುತ್ತಾನೆಂದು ಅವ್ವನಿಗೆ ಗುಮಾನಿ. ಅವಳ ಗುಮಾನಿಯ ಮುಂದೆ ಪೊಲೀಸರೂ ಸೋಲಬೇಕು.

“ಬಾಯ್ ತಗಿ, ನಾಲ್ಗೆ ಎತ್ತು,” ಎನ್ನುವಳು.

“ನುಂಗಿವ್ನಿ ಕಣಮ್ಮಿ, ನಿನ್ನಾಣೆ.”

“ನನ್ನಾಣೆ ಇಕ್ಕಿ ನನ್ನೂ ಸಾಯಿಸ್ಬುಡು!”

ಅಪ್ಪ ಎದ್ದು ಎತ್ತುಗಳ ಹತ್ತಿರ ಹೋಗುತ್ತಿದ್ದ. ನನಗೆ ಅಯ್ಯೋ ಅನ್ನಿಸುತ್ತಿತ್ತು.

ಅವನ ಪ್ರಾಣವೆಲ್ಲ ಆ ಎತ್ತುಗಳ ಮೇಲೆ. ಕಬ್ಬಿನ ಗೆದ್ದಲಿಗೆಂದು ತಂದ ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯನ್ನು, ಉಣ್ಣಿ ಸಾಯಲಿ ಎಂದು ಅವುಗಳ ಮೈಗೂ ಹಚ್ಚುತ್ತಿದ್ದ. ಬರಿಗೈಯಲ್ಲೇ, ಕಿವಿಯ ಸಂದಿಯಿಂದ ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನವರೆಗೆ, ಮಗುವಿಗೆ ಪೌಡರು ಹಾಕಿದ ಹಾಗೆ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು ಊಟಕ್ಕೆ ಕೂರುವನು. ಊರಲ್ಲೆಲ್ಲ ಹಾಗೆಯೇ ಮಾಡುತ್ತಿದ್ದರು.

ಒಂದು ದಿನ ಮಂಡ್ಯದಲ್ಲಿ ನಾಡಿ ನೋಡುತ್ತಿದ್ದ ಡಾಕ್ಟರು ಅಪ್ಪನ ಕೈ ಮೂಸಿದರು. ಪುಡಿಯ ಘಾಟು. ದಿನಾ ಮುಟ್ಟುತ್ತಾನೆಂದು ತಿಳಿದು ಹಣೆ ಚಚ್ಚಿಕೊಂಡು, ಜೊತೆಗೆ ಬಂದಿದ್ದ ಅವ್ವನತ್ತ ತಿರುಗಿದರು.

“ವಿಷ ಮೈಗೆ ಸೇರ್ತಾನೇ ಇದ್ರೆ, ಅದನ್ನ ಕರಗಿಸಿ ಹೊರಗೆ ಹಾಕೋಕೆ ಲಿವರ್ ಜಾಸ್ತಿ ಕಿಣ್ವ ತಯಾರಿಸುತ್ತಮ್ಮ. ಆ ಕಿಣ್ವಕ್ಕೆ ವಿಷ ಯಾವ್ದು, ಔಷಧಿ ಯಾವ್ದು ಗೊತ್ತಾಗಲ್ಲ. ಮಾತ್ರೆಯನ್ನೂ ಕರಗಿಸಿಬಿಡ್ತಿದೆ. ಇವರದೇನೂ ತಪ್ಪಿಲ್ಲ. ಪುಡಿ ಬಿಟ್ರೆ ನಿಧಾನವಾಗಿ ಸರಿಹೋಗುತ್ತೆ. ಆಗ ಮಾತ್ರೆ ಜೋರಾಗಿ ಹಿಡಿಯುತ್ತೆ, ಕಮ್ಮಿ ಮಾಡ್ಬೇಕಾಗುತ್ತೆ. ಪರೀಕ್ಷೆ ಮಾತ್ರ ತಪ್ಪಿಸಬೇಡಿ.”

ನಾಲ್ಕು ಜನರ ಮುಂದೆ ಎಂದೂ ಅಪ್ಪನ ಪಕ್ಕ ಕೂರದ ಅವ್ವ, ವಾಪಸು ಬರುವಾಗ ಬಸ್ಸಿನಲ್ಲಿ ಅವನ ಕೈಯನ್ನು ಸೆರಗಿನಿಂದ ಒರೆಸುತ್ತಲೇ ಕೂತಿದ್ದಳು.

“ಸುಮ್‌ಸುಮ್ನೆ ಬೈದ್ಬುಟ್ಟೆ,” ಎಂದಳು.

“ಬುಡಮ್ಮಿ. ಎತ್‌ಗೆ ಉಣ್ಣಿ ಅತ್ತುದ್ರೆ ಏನ್ ಮಾಡಾದು?”

ಮಾರನೆಯ ಬೆಳಿಗ್ಗೆ, ಕೊಂಬಿಗೆ ಹೆದರಿ ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲುತ್ತಿದ್ದ ಅವ್ವ ಎತ್ತಿನ ಪಕ್ಕ ಕೂತು ಉಣ್ಣಿ ಕೀಳುತ್ತಿದ್ದಳು. ಕಿತ್ತದ್ದನ್ನು ಸೀಮೆಎಣ್ಣೆ ಹಾಕಿದ ತೆಂಗಿನ ಚಿಪ್ಪಿಗೆ ಹಾಕುತ್ತಿದ್ದಳು. ಅಪ್ಪ ಕೊಂಬು ಹಿಡಿದುಕೊಂಡಿದ್ದ.

ಕೆಲವು ತಿಂಗಳಾದ ಮೇಲೆ ರಕ್ತ ಹದಕ್ಕೆ ಬಂತು. ಡಾಕ್ಟರು ಮಾತ್ರೆ ಕಮ್ಮಿ ಮಾಡಿದರು. ಆ ಸಂಜೆ ಮಾತ್ರೆ ನುಂಗಿದ ಅಪ್ಪ ತಾನಾಗಿಯೇ ಬಾಯಿ ತೆರೆದು ನಾಲಗೆ ಎತ್ತಿದ.

“ನಂಗೊತ್ತು, ಮುಚ್ಕೊ,” ಎಂದು ಅವ್ವ ಆ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟಳು.