ಬೀಗ ಹಾಕಿದ ಗ್ರಿಲ್ಲಿನೊಳಗೆ ನೋಡಿದ ಕುಸ್ತಿ

ನನ್ನ ಗಂಡ ತಮ್ಮ ಬೀಗದ ಕೈ ಕಳೆದುಕೊಂಡದ್ದು ಮಲೇಶಿಯಾದ ಕ್ಲಾಂಗ್ ಬಂದರಿನಲ್ಲಿ. ಅವರ ಕೆಲಸ ಅಲ್ಲಿಯ ಸರಕು ಸಾಗಣೆ ಕಂಪನಿಯೊಂದರಲ್ಲಿ. ಕಂಟೇನರುಗಳ ನಡುವೆ ಎಲ್ಲೋ ಬಿದ್ದಿರಬೇಕು ಅಂದರು. ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟು ಐದನೇ ಮಹಡಿಯಲ್ಲಿದೆ. ಇಲ್ಲಿನ ಎಲ್ಲ ಮನೆಗಳ ಹಾಗೆ ಮರದ ಬಾಗಿಲಿನ ಹೊರಗೊಂದು ಕಬ್ಬಿಣದ ಗ್ರಿಲ್ಲು, ಅದಕ್ಕೆ ಮುಷ್ಟಿಗಾತ್ರದ ಹಿತ್ತಾಳೆ ಬೀಗ. ಕೆಳಗಿನ ಮನೆಯಲ್ಲಿ ಕಳ್ಳತನವಾದಂದಿನಿಂದ ಅವರು ಹೋಗುವಾಗ ಆ ಬೀಗ ಹಾಕಿಕೊಂಡೇ ಹೋಗುತ್ತಿದ್ದರು. ನನಗೆ ಬೇಕಾದಾಗ ಸರಳುಗಳ ನಡುವೆ ಕೈ ತೂರಿಸಿ ನನ್ನ ಕೀಲಿಯಿಂದ ತೆಗೆದುಕೊಳ್ಳುತ್ತಿದ್ದೆ. ಅವರದು ಕಳೆದುಹೋದ ಮೇಲೆ ನನ್ನದನ್ನು ತೆಗೆದುಕೊಂಡರು.

“ಎರಡು ದಿನ ಅಷ್ಟೇ. ಡೂಪ್ಲಿಕೇಟ್ ಮಾಡಿಸ್ತೀನಿ.”

“ಬೀಗ ಹಾಕ್ದೆ ಹೋಗಿ. ಒಳಗಡೆ ಚಿಲಕ ಹಾಕ್ಕೊಂಡ್ರೆ ಸಾಕಲ್ವಾ?”

“ಒಬ್ಳೇ ಇರ್ತೀಯ, ನಂಗೆ ಟೆನ್ಶನ್. ಅಷ್ಟಕ್ಕೂ ಹಗಲೊತ್ತು ನೀನೆಲ್ಲಿಗೆ ಹೋಗ್ಬೇಕು?”

ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಹೈಸ್ಕೂಲಿಗೆ ಗಣಿತ ಕಲಿಸಿದವಳು ನಾನು. ಇಲ್ಲಿ ಅವಲಂಬಿತಳ ವೀಸಾ, ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಮಗಳು ಒಂದು ಗಂಟೆ ದೂರದ ನಿಲಾಯ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಎರಡು ದಿನ ಹೋಗಿ ಎರಡು ವಾರವಾಯಿತು. ಬೆಳಿಗ್ಗೆ ಆರೂವರೆಗೆ ಆ ಬೀಗ ಕಟ್ ಎಂದರೆ ಮತ್ತೆ ಸದ್ದು ಕೇಳುವುದು ಸಂಜೆ ಏಳಕ್ಕೆ. ಯಾರಿಗೂ ಹೇಳಲಿಲ್ಲ. ಮಗಳು ಫೋನ್ ಮಾಡಿ ಏನು ಮಾಡ್ತಿದ್ದೀಯ ಎಂದರೆ, ಈಗ ತಾನೇ ತರಕಾರಿ ತಂದೆ ಎಂದು ಸುಳ್ಳು ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಬಹುಶಃ ನಾಚಿಕೆ.

ಆಗ ಧಾರವಾಡದಿಂದ ಅತ್ತೆ ಬಂದರು. ಬಂದದ್ದು ಶುಕ್ರವಾರ. ಶನಿವಾರ ಭಾನುವಾರ ಮಗನ ಜೊತೆ ಕಾರಿನಲ್ಲಿ ಸುತ್ತಾಡಿದ್ದರಿಂದ ಬೀಗದ ವಿಷಯ ಅವರಿಗೆ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಟಿವಿಯಲ್ಲಿ ಅಮೆರಿಕದ ಕುಸ್ತಿ ನೇರಪ್ರಸಾರವಿತ್ತು. ಅಲ್ಲಿ ಭಾನುವಾರ ರಾತ್ರಿ. ಈ ಕಾರ್ಯಕ್ರಮಕ್ಕೆ ಬೇರೆಯಾಗಿ ದುಡ್ಡು ಕಟ್ಟಿದರಷ್ಟೇ ಚಾನೆಲ್ ತೆರೆಯುತ್ತದೆ. ಗಂಡ ಕಟ್ಟಿದ್ದರು, ಸಂಜೆ ಮರುಪ್ರಸಾರ ನೋಡಬೇಕೆಂದು. ಅತ್ತೆಗೆ ಕುಸ್ತಿ ಎಂದರೆ ಜೀವ. ಅವರ ತಂದೆ ಊರಿನ ಗರಡಿಯಲ್ಲಿ ಹೆಸರಾದ ಪೈಲ್ವಾನರು. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲವಂತೆ, ಇವರು ಹಿತ್ತಲ ಕಿಟಕಿಯಿಂದ ನೋಡುತ್ತಿದ್ದರಂತೆ.

“ಹಚ್ಚ ಅದನ್ನ, ನೋಡೂಣು,” ಎಂದು ಚಹದ ಲೋಟ ಹಿಡಿದು ಸೋಫಾದ ಮೇಲೆ ಕಾಲು ಮಡಚಿ ಕೂತರು.

ಆ ದಿನ ಚಾಂಪಿಯನ್ ಪಟ್ಟದ ಪಂದ್ಯಗಳೆಲ್ಲ ಉಕ್ಕಿನ ಪಂಜರದೊಳಗೆ. ಅಖಾಡದ ನಾಲ್ಕೂ ಬದಿಗೆ ಎರಡಾಳೆತ್ತರದ ಬಲೆ ಇಳಿಸಿ, ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಮೊದಲ ಪಂದ್ಯದಲ್ಲಿ ಬೋಳುತಲೆಯ ದೈತ್ಯನೊಬ್ಬ, ಅವನೆದುರು ಉದ್ದ ಕೂದಲಿನ ಸಣಕಲ. ದೈತ್ಯ ಆ ಸಣಕಲನ ಮುಖವನ್ನು ಬಲೆಗೆ ಒತ್ತಿ ಉಜ್ಜುತ್ತಿದ್ದ. ನಾನು ನೋಡಲಾಗದೆ ತಲೆ ತಗ್ಗಿಸಿ ಬೀನ್ಸ್ ಹೆಚ್ಚುತ್ತಿದ್ದೆ. ಕೊನೆಗೆ ಆ ಸಣಕಲ ಹೇಗೋ ಬಲೆ ಹತ್ತಿ, ಮೇಲಿನಿಂದ ಹೊರಗೆ ಧುಮುಕಿದ. ಅವನ ಕೈಗೆ ಚಾಂಪಿಯನ್ ಬೆಲ್ಟು ಕೊಟ್ಟರು.

ಅತ್ತೆ ಲೋಟ ಕೆಳಗಿಟ್ಟರು. “ಏನಿದು? ಓಡಿಹೋದವ ಗೆದ್ದನ?”

“ಇದರ ರೂಲ್ಸೇ ಹಂಗಂತೆ ಅತ್ತೆ. ಯಾರು ಮೊದ್ಲು ಹೊರಗೆ ಬರ್ತಾರೋ ಅವ್ರೇ ಗೆದ್ದಂಗೆ.”

“ನಮ್ಮಪ್ಪ ನೋಡಿದ್ರ ಎದ್ದು ಹೋಗ್ತಿದ್ದ. ಕಣ ಬಿಟ್ಟು ಓಡಿದವನ ಮಾರಿ ಯಾರೂ ನೋಡತಿರ್ಲಿಲ್ಲ ನಮ್ಮ ಊರಾಗ.” ಹಾಗೆಂದರೂ ಕಣ್ಣು ಕೀಳಲಿಲ್ಲ. ಎರಡನೇ ಪಂದ್ಯದ ಹೊತ್ತಿಗೆ ಅವರೇ “ಹತ್ತ, ಹತ್ತ! ಕಾಲು ಬಿಡಿಸ್ಕೋ!” ಎಂದು ಕೂಗುತ್ತಿದ್ದರು.

ಗಂಟೆ ಹೊಡೆಯತೊಡಗಿದಾಗ ಟಿವಿಯದೇ ಅಂದುಕೊಂಡೆ. ಪಂದ್ಯ ಮುಗಿಯಿತೇನೋ ಎಂದು ತಲೆಯೆತ್ತಿದರೆ ಇಬ್ಬರೂ ಇನ್ನೂ ಬಲೆಯ ಮೇಲೆ ನೇತಾಡುತ್ತಿದ್ದಾರೆ. ಗಂಟೆ ಕಟ್ಟಡದ್ದು. ಬೆಂಕಿಯ ಗಂಟೆ.

ಬಾಗಿಲು ತೆರೆದೆ. ಕಾರಿಡಾರಿನಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಜನ ಮೆಟ್ಟಿಲ ಕಡೆ ಓಡುತ್ತಿದ್ದರು. ಒಬ್ಬಾತ ಮಗುವನ್ನು ಎತ್ತಿಕೊಂಡು ಮಲಯ್ ಭಾಷೆಯಲ್ಲಿ ಏನೋ ಕೂಗುತ್ತ ದಾಟಿಹೋದ. ನಾನು ಸರಳು ಹಿಡಿದು ನಿಂತೆ. ಹಿಂದಿನಿಂದ ಅತ್ತೆ ಬಂದು, “ಯಾಕ ನಿಂತಿ? ತಗಿ,” ಎಂದರು.

“ಕೀಲಿ ಇಲ್ಲ ಅತ್ತೆ.”

“ಎಲ್ಲದ?”

“ಅವ್ರ ಹತ್ರ.”

ಗಂಡನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕಂಟೇನರ್ ಯಾರ್ಡಿಗೆ ಇಳಿದರೆ ಅವರು ಫೋನನ್ನು ಆಫೀಸಿನ ಲಾಕರಿನಲ್ಲಿಟ್ಟು ಹೋಗಬೇಕು. ಮತ್ತೆ ಮಾಡಿದೆ. ಕಟ್ಟಡದ ಕಾವಲುಗಾರನ ನಂಬರಿಗೂ ಮಾಡಿದೆ, ಅದು ಸತತ ಬ್ಯುಸಿ. ಹೊಗೆ ತೆಳ್ಳಗೆ ಮೆಟ್ಟಿಲ ಕಡೆಯಿಂದ ಬರುತ್ತಿತ್ತು. ಕೂಗಿದೆ. ಕಾರಿಡಾರು ಆಗಲೇ ಖಾಲಿಯಾಗಿತ್ತು. ಬೀಗವನ್ನು ಕೈಯಲ್ಲಿ ಹಿಡಿದು ಎಳೆದೆ, ತಿರುಚಿದೆ. ಎರಡು ವಾರದಲ್ಲಿ ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ ಎಂಬುದು ಆಗ ಹೊಳೆಯಿತು.

ಅತ್ತೆ ಒಳಗೆ ಹೋಗಿ ಎರಡು ಟವೆಲ್ ಒದ್ದೆ ಮಾಡಿ ತಂದರು. ಒಂದನ್ನು ನನ್ನ ಮೂಗಿಗೆ ಒತ್ತಿ, “ಇದು ಇವತ್ತಿಂದಷ್ಟನ?” ಎಂದು ಕೇಳಿದರು.

“ಎರಡು ವಾರದಿಂದ.”

ಅವರು ಒಳಗಿನಿಂದ ಸ್ಟೀಲ್ ತಟ್ಟೆ ತಂದರು. ನನ್ನ ಪಕ್ಕದಲ್ಲಿ ನಿಂತು ಅದನ್ನು ಸರಳಿಗೆ ಬಡಿಯತೊಡಗಿದರು.

ಎದುರುಮನೆಯ ತಮಿಳು ಹೆಂಗಸು ಶಾಲಾ ವ್ಯಾನು ಓಡಿಸುವವರು, ಅರವತ್ತರ ಹತ್ತಿರದವರು. ನಮ್ಮಿಬ್ಬರ ಪರಿಚಯ ಲಿಫ್ಟಿನ ನಗುವಿನಷ್ಟೇ. ಬೆಳಗಿನ ಮಕ್ಕಳನ್ನು ಬಿಟ್ಟು ಬಂದು ಕೆಳಗೆ ವ್ಯಾನಿನ ಪಕ್ಕ ನಿಂತಿದ್ದವರು, ಗುಂಪಿನಲ್ಲಿ ನಾವಿಲ್ಲದ್ದನ್ನು ಗಮನಿಸಿದ್ದರು. ತಟ್ಟೆಯ ಸದ್ದೂ ಕೇಳಿಸಿತಂತೆ. ಐದು ಮಹಡಿ ಹತ್ತಿ ಬಂದರು, ದುಪಟ್ಟಾ ಮುಖಕ್ಕೆ ಸುತ್ತಿಕೊಂಡು, ಕೈಯಲ್ಲಿ ಟಯರು ಬಿಚ್ಚುವ ಕಬ್ಬಿಣದ ಸಲಾಕೆ ಹಿಡಿದು.

“ಅಯ್ಯೋ, ವೈ ಯೂ ಲಾಕ್ ಫ್ರಂ ಔಟ್‌ಸೈಡ್ ಲಾ?” ಎಂದು ಇಲ್ಲಿನವರ ರೂಢಿಯ ‘ಲಾ’ ಸೇರಿಸಿ ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಬೀಗದ ಕೊಂಡಿಗೆ ಸಲಾಕೆ ತೂರಿಸಿ ಮೈಭಾರ ಬಿಟ್ಟರು. ಒಳಗಿನಿಂದ ನಾವಿಬ್ಬರೂ ಸಲಾಕೆಯ ತುದಿ ಹಿಡಿದು ಮೇಲಕ್ಕೆ ನೂಕಿದೆವು. ಮೊದಲ ಸಲ ಜಾರಿತು. ಎರಡನೇ ಸಲವೂ ಜಾರಿ ಅವರ ಬೆರಳು ಕೊಯ್ದಿತು. “ಇನ್ನೊಂದು ಪಟ್ಟು ಹಾಕವ್ವ!” ಎಂದು ಅತ್ತೆ ಕನ್ನಡದಲ್ಲೇ ಕೂಗಿದರು. ಮೂರನೇ ಸಲ ಬೀಗವಲ್ಲ, ಅದನ್ನು ಹಿಡಿದಿದ್ದ ಚಿಲಕವೇ ಕಿತ್ತು ಬಂತು.

ಮೆಟ್ಟಿಲಿಳಿಯುವಾಗ ಅತ್ತೆಯ ಮಂಡಿನೋವು ಎಲ್ಲಿ ಹೋಗಿತ್ತೋ. ಕೆಳಗೆ ಬಂದ ಮೇಲೆ ತಿಳಿಯಿತು, ಮೂರನೇ ಮಹಡಿಯಲ್ಲಿ ಯಾರೋ ಒಲೆಯ ಮೇಲೆ ಎಣ್ಣೆ ಮರೆತಿದ್ದರು. ಅಡುಗೆಮನೆಯೊಂದೇ ಸುಟ್ಟಿತ್ತು. ಅಗ್ನಿಶಾಮಕದವರು ಅರ್ಧ ಗಂಟೆಯಲ್ಲಿ ಆರಿಸಿದರು. ಎಲ್ಲರೂ ನಗುತ್ತ ಪಕ್ಕದ ಮಾಮಾಕ್ ಅಂಗಡಿಗೆ, ತಮಿಳು ಮುಸ್ಲಿಮರ ಹೋಟೆಲಿಗೆ, ಚಹಕ್ಕೆ ಹೋದರು. ನಾನು ಮಾತ್ರ ವ್ಯಾನಿನ ಪಕ್ಕದ ಕಟ್ಟೆಯ ಮೇಲೆ ಕೂತೇ ಇದ್ದೆ. ಆ ಹೆಂಗಸು ತಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡು ನನಗೆ ಸಿಹಿ ಚಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ ತಂದುಕೊಟ್ಟರು.

ಸಂಜೆ ಗಂಡ ಬಂದು ಗ್ರಿಲ್ಲು ನೋಡಿ ನಿಂತರು. “ಇದ್ಯಾರು ಮುರಿದಿದ್ದು?”

“ನಾವು,” ಎಂದರು ಅತ್ತೆ.

ನಾನು ನಡೆದದ್ದೆಲ್ಲ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. “ಇಂಥದ್ದು ಆಗಬಹುದು ಅಂತ ನಂಗೆ ಹೊಳೀಲೇ ಇಲ್ಲ,” ಎಂದರು. ಸುಳ್ಳಲ್ಲ, ನಿಜಕ್ಕೂ ಹೊಳೆದಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. ದಿನಾ ಬೆಳಿಗ್ಗೆ ಬೀಗ ತಿರುಗಿಸುವಾಗ ಒಳಗೊಬ್ಬಳು ಉಳಿಯುತ್ತಾಳೆ ಎಂಬುದು ಅವರ ಮನಸ್ಸಿಗೆ ಬಂದೇ ಇರಲಿಲ್ಲ.

ಅತ್ತೆ ಬೈಯಲಿಲ್ಲ. “ನಾಳೆ ರಜಾ ಹಾಕು. ಒಳಗಿಂದ ತಗಿಯೂ ಹಂಗ ಮಾಡಸು. ಅದು ಆಗೂತನಕ ನಾ ಊಟಾ ಮಾಡೂದಿಲ್ಲ,” ಎಂದು ಹೇಳಿ ಮಲಗಲು ಹೋದರು. ಗಂಡ ಕುಸ್ತಿಯ ಮರುಪ್ರಸಾರ ಹಾಕಲಿಲ್ಲ.

ಮರುದಿನ ಮಧ್ಯಾಹ್ನದೊಳಗೆ ಕೀಲಿಯೇ ಬೇಡದ, ಒಳಗಿನಿಂದ ತಿರುಗಿಸಿದರೆ ತೆರೆಯುವ ಚಿಲಕ ಬಂತು. ಮೊದಲ ವಾರ ಕಾರಣವಿಲ್ಲದೆ ದಿನಕ್ಕೆ ಐದಾರು ಸಲ ಕೆಳಗಿಳಿದೆ. ಗೇಟಿನ ತನಕ ಹೋಗಿ, ಹೆದ್ದಾರಿಯ ಗಾಡಿಗಳನ್ನು ನೋಡಿ, ವಾಪಸ್ ಬರುತ್ತಿದ್ದೆ. ಅತ್ತೆ ಧಾರವಾಡಕ್ಕೆ ಮರಳಿದ ಮೇಲೆ ಮೆಲ್ಲಗೆ ಅದೂ ನಿಂತಿತು. ಚಿಲಕ ಕೈಯಳತೆಯಲ್ಲೇ ಇದ್ದರೂ ಸೋಫಾದ ಮೇಲೆ ಕೂತೇ ಮಧ್ಯಾಹ್ನ ಕಳೆಯುವ ದಿನಗಳು ಮತ್ತೆ ಬಂದವು. ನೀನೆಲ್ಲಿಗೆ ಹೋಗ್ಬೇಕು ಎಂಬ ಪ್ರಶ್ನೆ ಈಗ ನನ್ನದೇ ದನಿಯಲ್ಲಿ ಕೇಳುತ್ತಿತ್ತು.

ಒಂದು ದಿನ ಎದುರುಮನೆಯವರು ಬಾಗಿಲು ತಟ್ಟಿದರು. ಅವರ ಮೊಮ್ಮಗಳಿಗೆ ಬೀಜಗಣಿತ ಹತ್ತುತ್ತಿಲ್ಲವಂತೆ. ನಾನು ಗಣಿತ ಕಲಿಸುತ್ತಿದ್ದೆನೆಂದು ಅಂದು ಚಹ ಕುಡಿಯುವಾಗ ಹೇಳಿದ್ದು ಅವರಿಗೆ ನೆನಪಿತ್ತು. “ಯೂ ಟೀಚರ್, ನೋ? ಫೀಸು ಬೇಡ ಅಂದ್ರೆ ವೀಸಾದವ್ರು ಏನು ಕೇಳ್ತಾರೆ ಲಾ?” ಎಂಬರ್ಥದಲ್ಲಿ ಮೂರು ಭಾಷೆ ಬೆರೆಸಿ ಹೇಳಿದರು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ತೆರೆದೆ. ಸಮೀಕರಣದ ಎರಡು ಸಾಲು ಬಿಡಿಸಿ ಪೆನ್ಸಿಲು ಅವಳಿಗೆ ಕೊಟ್ಟೆ. ಹುಡುಗಿ ಮೂರನೆಯ ಸಾಲನ್ನು ತಾನೇ ಬರೆದಳು, ತಪ್ಪಾಗಿ. “ಇನ್ನೊಂದು ಸಲ ನೋಡು,” ಎಂದು ಕನ್ನಡದಲ್ಲಿ ಹೇಳಿಬಿಟ್ಟೆ. ಅವಳಿಗೆ ಅರ್ಥವಾಯಿತು.