ಗಂಡನ ಪ್ಯಾಂಟು ತೊಟ್ಟಾಕೆ

ರೇಷ್ಮೆಗೆ ಚಿನ್ನದ ಬೆಲೆ ಬಂದಿದ್ದ ಕಾಲದಲ್ಲಿ, ಹೊಂಗನೂರಿನ ನಮ್ಮ ಪಕ್ಕದ ಮನೆಯಾಕೆ ಬಣ್ಣದ ಟೀವಿ ಕೊಂಡರು. ಯಾರು ಏನೇ ಆಕ್ಷೇಪಿಸಿದರೂ ಸೊಂಟಕ್ಕೆ ಕೈಯಿಟ್ಟು "ನಿಂಗೇನ್ಲಾ ನಷ್ಟ?" ಎನ್ನುವ ಹೆಂಗಸು.

ಒಂದು ಸಂಜೆ ಅದರಲ್ಲಿ ಫ್ರೆಂಚ್ ಹಾಡೊಂದು ಬಂತು. ಲಂಗ ತೊಟ್ಟ ಗಂಡಸರು, ತಲೆ ಬೋಳಿಸಿಕೊಂಡ ಹುಡುಗಿಯರು, ಪ್ಯಾಂಟು ತೊಟ್ಟ ಮುದುಕಿಯರು, ಬಗೆಬಗೆಯ ಮೈಬಣ್ಣದವರೆಲ್ಲ ಮನಬಂದಂತೆ ಕುಣಿಯುತ್ತಿದ್ದರು. ನೋಡಲು ಬಂದಿದ್ದ ಗಂಡಸರು "ಥೂ, ಆರ್ಸವ್ವ ಅದ್ನ" ಎಂದರು. ಆಕೆ ಸದ್ದು ಜಾಸ್ತಿ ಮಾಡಿದರು.

ಮರುದಿನ ಗಂಡನ ಪ್ಯಾಂಟು ತೊಟ್ಟು, ಮೊಪೆಡ್ಡಿನ ಮುಂದೆ ರೇಷ್ಮೆಗೂಡಿನ ಚೀಲವಿಟ್ಟು, ರಾಮನಗರದ ಮಾರುಕಟ್ಟೆಗೆ ಹೊರಟೇಬಿಟ್ಟರು.

"ಊರೋರು ಏನಂದಾರಮ್ಮಿ?" ಗಂಡ ಅಂಗಲಾಚಿದರು.

"ಸೀರೆ ಚಕ್ರಕ್ಕೆ ಸಿಕ್ಕಂಡು ಬಿದ್ರೆ ಊರೋರು ಬಂದು ಎತ್ತಾರಾ? ಬತ್ತೀಯಾ, ಬುಟ್ಟೋಗ್ಲಾ?"

ಗಂಡ ಹಿಂದೆ ಹತ್ತಿ ಕುಳಿತರು. ಊರು ದಾಟುವವರೆಗೂ ತಮ್ಮ ಮುಖಕ್ಕೆ ಟವೆಲ್ ಮುಚ್ಚಿಕೊಂಡಿದ್ದರು.